ಪಾರ್ಶ್ವವಾಯುವಿನ ನಂತರ ಮನೆಯಲ್ಲಿ ಅಂಗಸಾಧನೆ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಪಾರ್ಶ್ವವಾಯುವಿಗೆ ತುತ್ತಾದ ವ್ಯಕ್ತಿಯು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನ ಊರವರೆಲ್ಲರೂ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಬರುವವರು ವಿರಳವಾಗುತ್ತಾರೆ. ಮನೆಯವರು ಕೂಲಿಗೆ, ಹೊಲಕ್ಕೆ ಹೊರಡಲೇಬೇಕಾಗುತ್ತದೆ. ರೋಗಿಯು ಪಡಸಾಲೆಯ ಮಂಚದ ಮೇಲೆ ಗೋಡೆ ನೋಡುತ್ತಾ ಮಲಗಿರುತ್ತಾನೆ. ‘ಜೀವ ಉಳಿಯಿತಲ್ಲ, ಅಷ್ಟೇ ಸಾಕು’ ಎಂಬ ಮಾತು ಮನೆಯಲ್ಲಿ ನೆಲೆಯೂರುತ್ತದೆ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಚಿಕಿತ್ಸೆಯ ಉತ್ತರಾರ್ಧವು ಆರಂಭವಾಗುವುದೇ ಈ ಹಂತದಲ್ಲಿ. ಆ ವ್ಯಕ್ತಿಯು ಮತ್ತೆ ತಾನಾಗಿ ಎದ್ದು ಶೌಚಾಲಯಕ್ಕೆ ಹೋಗಬಲ್ಲನೇ, ತನ್ನ ಕೈಯಿಂದ ಊಟ ಮಾಡಬಲ್ಲನೇ ಎಂಬುದು ಬಹುಮಟ್ಟಿಗೆ ಮುಂದಿನ ಕೆಲವು ತಿಂಗಳುಗಳಲ್ಲಿ ನಿರ್ಧಾರವಾಗುತ್ತದೆ. ಮನೆಯಲ್ಲಿ ಮಾಡಬೇಕಾದ ಅಂಗಸಾಧನೆ, ಅದರಲ್ಲಿ ವಹಿಸಬೇಕಾದ ಎಚ್ಚರ ಹಾಗೂ ಗ್ರಾಮ ಪಂಚಾಯತಿಯು ನೀಡಬಹುದಾದ ನೆರವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೆಟ್ಟಿರುವುದು ಕೈಕಾಲಲ್ಲ

ಜನರ ಮಾತಿನಲ್ಲಿ ‘ಲಕ್ವ ಹೊಡೆಯಿತು’ ಎನ್ನುವ ಈ ರೋಗವು ಕೈಕಾಲುಗಳ ರೋಗವಲ್ಲ, ಮಿದುಳಿನ ರೋಗ. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ ಅಥವಾ ನಾಳವು ಒಡೆದು ರಕ್ತ ಸೋರಿದರೆ, ಆ ಭಾಗದ ನರಕೋಶಗಳು ಸಾಯುತ್ತವೆ. ಮಿದುಳಿನ ಎಡಭಾಗವು ದೇಹದ ಬಲಭಾಗವನ್ನೂ, ಬಲಭಾಗವು ದೇಹದ ಎಡಭಾಗವನ್ನೂ ನಡೆಸುವುದರಿಂದ, ಪೆಟ್ಟು ಬಿದ್ದ ಬದಿಗೆ ವಿರುದ್ಧವಾದ ಬದಿಯ ಕೈಕಾಲುಗಳು ಬಲಗುಂದುತ್ತವೆ. ಬಹುತೇಕ ಜನರಲ್ಲಿ ಮಾತಿನ ಕೇಂದ್ರಗಳು ಎಡಭಾಗದಲ್ಲಿರುವ ಕಾರಣ, ಬಲಗೈ ಬಲಗಾಲು ಬಿದ್ದವರಲ್ಲಿ ಮಾತೂ ತೊಡಕುವುದು ಹೆಚ್ಚು.

ಸ್ನಾಯು, ಮೂಳೆ, ಕೀಲುಗಳು ಮೊದಲ ದಿನ ಸರಿಯಾಗಿಯೇ ಇರುತ್ತವೆ. ಅವುಗಳಿಗೆ ಬರಬೇಕಾದ ಆಜ್ಞೆ ಬರುತ್ತಿರುವುದಿಲ್ಲ. ಸತ್ತ ನರಕೋಶಗಳು ಮತ್ತೆ ಹುಟ್ಟುವುದಿಲ್ಲವಾದರೂ, ಉಳಿದಿರುವ ಭಾಗಗಳು ಹೊಸ ಸಂಪರ್ಕಗಳನ್ನು ಏರ್ಪಡಿಸಿಕೊಂಡು ಹಳೆಯ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲವು. ಈ ಮರುಕಲಿಕೆಗೆ ಬೇಕಾದುದು ಪುನರಾವರ್ತನೆ. ಒಂದೇ ಚಲನೆಯನ್ನು ರೋಗಿಯು ತಾನೇ ಪ್ರಯತ್ನಪಟ್ಟು, ಗಮನವಿಟ್ಟು, ನೂರಾರು ಬಾರಿ ಮಾಡಿದಾಗಲೇ ದಾರಿ ಮೂಡುತ್ತದೆ. ಬಳಸದೆ ಬಿಟ್ಟರೆ ಸ್ನಾಯು ಕರಗುತ್ತದೆ, ಕೀಲು ಬಿಗಿಯುತ್ತದೆ, ಪಾದವು ಕೆಳಮುಖವಾಗಿ ಗಟ್ಟಿಯಾಗುತ್ತದೆ. ಆಗ ಆಜ್ಞೆ ಮರಳಿ ಬಂದರೂ ಅದನ್ನು ಪಾಲಿಸುವ ಅಂಗವು ಸಿದ್ಧವಾಗಿರುವುದಿಲ್ಲ.

ಚೇತರಿಕೆಯ ವೇಗವು ಮೊದಲ ಮೂರು ತಿಂಗಳಲ್ಲಿ ಅತ್ಯಧಿಕ. ಆರು ತಿಂಗಳವರೆಗೂ ಗಣನೀಯ. ಅನಂತರ ನಿಧಾನವಾಗುತ್ತದೆಯೇ ಹೊರತು ನಿಂತುಹೋಗುವುದಿಲ್ಲ. ಆದ್ದರಿಂದ ‘ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ’ ಎಂದು ಮುಂದೂಡುವ ಕುಟುಂಬವು ಅರಿಯದೆಯೇ ಅತ್ಯಮೂಲ್ಯ ಕಾಲವನ್ನು ಕಳೆದುಕೊಳ್ಳುತ್ತದೆ. ವರ್ಷ ಕಳೆದವರೂ ಆಸೆ ಬಿಡಬೇಕಾಗಿಲ್ಲ.

ಆರಂಭಿಸುವ ಮುನ್ನ

ಬೇಗ ಆರಂಭಿಸಬೇಕೆಂಬುದರ ಅರ್ಥ ಅವಸರಪಡಬೇಕೆಂದಲ್ಲ. ಪಾರ್ಶ್ವವಾಯು ಆದ ಮೊದಲ 24 ಗಂಟೆಗಳೊಳಗೆ ರೋಗಿಯನ್ನು ಪದೇ ಪದೇ ಎಬ್ಬಿಸಿ ನಿಲ್ಲಿಸುವುದರಿಂದ ಫಲಿತಾಂಶ ಉತ್ತಮವಾಗುವ ಬದಲು ಕುಂದುತ್ತದೆಂದು 2015ರಲ್ಲಿ ಪ್ರಕಟವಾದ, 2,104 ರೋಗಿಗಳನ್ನೊಳಗೊಂಡ ‘ಅವರ್ಟ್’ ಎಂಬ ಅಂತರರಾಷ್ಟ್ರೀಯ ಅಧ್ಯಯನವು ತೋರಿಸಿದೆ. ಯಾವಾಗ ಕೂರಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಚಿಕಿತ್ಸೆ ನೀಡಿದ ವೈದ್ಯರೇ ಹೇಳಬೇಕು.

ಬಿಡುಗಡೆಯ ದಿನ ಕುಟುಂಬದವರು ಮೂರು ವಿಷಯಗಳನ್ನು ಕೇಳಿ ಬರೆಸಿಕೊಂಡು ಬರುವುದು ಅವಶ್ಯ: ಯಾವ ಅಂಗಸಾಧನೆಗಳನ್ನು ಮಾಡಿಸಬೇಕು, ರಕ್ತದೊತ್ತಡ ಎಷ್ಟಿದ್ದರೆ ಮಾಡಿಸಬಾರದು, ಮುಂದಿನ ಭೇಟಿ ಯಾವಾಗ. ಸಾಧ್ಯವಾದರೆ ಫಿಸಿಯೋಥೆರಪಿಸ್ಟ್ ಮಾಡಿಸುವ ಕ್ರಮವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳುವುದು ಒಳಿತು. ಮನೆಗೆ ಬಂದ ಮೇಲೆ ನೆನಪು ಮಸುಕಾಗುತ್ತದೆ.

ಅಂಗಸಾಧನೆಯ ನಡುವೆ ಎದೆನೋವು, ತೀವ್ರ ಉಸಿರುಕಟ್ಟು, ತಲೆಸುತ್ತು, ಹೊಸದಾಗಿ ಕಾಣಿಸಿದ ಬಲಹೀನತೆ ಅಥವಾ ಮಾತಿನ ತೊದಲು ಕಂಡರೆ ತಕ್ಷಣ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಒಂದು ಕಾಲಿನ ಮೀನಖಂಡವು ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿರುವ ಸೂಚನೆಯಾಗಿರಬಹುದು. ಅಂತಹ ಕಾಲನ್ನು ಎಂದಿಗೂ ತಿಕ್ಕಬಾರದು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಮಲಗುವ ಕ್ರಮವೂ ಚಿಕಿತ್ಸೆಯೇ

ಉದಾಹರಣೆಗೆ, ಬಲಭಾಗ ಬಲಗುಂದಿದ 58 ವರ್ಷದ ರೈತನೊಬ್ಬನ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆತನು ಇಡೀ ದಿನ ಅಂಗಾತನೆ ಮಲಗಿದ್ದರೆ ಬೆನ್ನಿನ ಕೆಳಭಾಗದಲ್ಲಿಯೂ ಹಿಮ್ಮಡಿಯಲ್ಲಿಯೂ ಹಾಸಿಗೆ ಹುಣ್ಣುಗಳಾಗುತ್ತವೆ. ತಾನಾಗಿ ಹೊರಳಲಾರದ ರೋಗಿಯ ಮಗ್ಗುಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು. ಮಗ್ಗುಲಾಗಿ ಮಲಗಿದಾಗ ಮಂಡಿಗಳ ನಡುವೆ ಒಂದು ದಿಂಬು, ಬಲಗುಂದಿದ ಕೈಯ ಕೆಳಗೆ ಇನ್ನೊಂದು ದಿಂಬು ಇರಬೇಕು. ದಿಂಬಿಲ್ಲದಿದ್ದರೆ ಮಡಿಸಿದ ಕಂಬಳಿ ಸಾಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಭುಜದ ವಿಷಯದಲ್ಲಿ. ಭುಜದ ಕೀಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುವಾಗ ಆ ಕೈ ಹಿಡಿದು ಎಳೆದರೆ ಕೀಲು ಜಾರುತ್ತದೆ. ಆ ನೋವು ತಿಂಗಳುಗಟ್ಟಲೆ ಉಳಿದು ಮುಂದಿನ ಅಂಗಸಾಧನೆಗೇ ಅಡ್ಡಿಯಾಗುತ್ತದೆ. ಆದುದರಿಂದ ರೋಗಿಯನ್ನು ಎಬ್ಬಿಸುವಾಗ ಬಲಗುಂದಿದ ಕೈಯನ್ನಾಗಲಿ, ಕಂಕುಳನ್ನಾಗಲಿ ಹಿಡಿದೆತ್ತಬಾರದು. ಬೆನ್ನಿನ ಹಿಂದೆ ಮತ್ತು ಸೊಂಟದ ಬಳಿ ಆಸರೆ ಕೊಡಬೇಕು. ತೊಲೆಗೆ ಹಗ್ಗ ಕಟ್ಟಿ, ರಾಟೆಯ ಮೂಲಕ ಕೈಯನ್ನು ತಲೆಯ ಮೇಲಕ್ಕೆ ಎಳೆಸುವ ಪದ್ಧತಿಯನ್ನು ಕೈಬಿಡಬೇಕು. ಅಂಗಿ ತೊಡಿಸುವಾಗ ಮೊದಲು ಬಲಗುಂದಿದ ಕೈ, ಕಳಚುವಾಗ ಕೊನೆಗೆ ಬಲಗುಂದಿದ ಕೈ ಎಂಬ ನಿಯಮವನ್ನು ಮನೆಯ ಮಕ್ಕಳೂ ನೆನಪಿಡಬಲ್ಲರು.

ಅಂಗಸಾಧನೆಯ ಮೆಟ್ಟಿಲುಗಳು

ಅಂಗಸಾಧನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಒಂದು ಹಂತವು ಸುಭದ್ರವಾಗದೆ ಮುಂದಿನದಕ್ಕೆ ಕಾಲಿಡಬಾರದು.

ಮೊದಲ ಹಂತ ಹಾಸಿಗೆಯ ಮೇಲೆ. ರೋಗಿಯು ಅಂಗಾತನೆ ಮಲಗಿ, ಎರಡೂ ಮಂಡಿಗಳನ್ನು ಮಡಿಸಿ ಪಾದಗಳನ್ನು ಊರಿ, ಸೊಂಟವನ್ನು ನಿಧಾನವಾಗಿ ಮೇಲೆತ್ತಿ, ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು. ಬಲಗುಂದಿದ ಮಂಡಿಯು ಹೊರಕ್ಕೆ ವಾಲದಂತೆ ಮನೆಯವರು ಹಿಡಿದಿರಬೇಕು. ಕೈಬೆರಳು, ಮಣಿಕಟ್ಟು, ಮೊಣಕೈ, ಹಿಮ್ಮಡಿಗಂಟು, ಮಂಡಿ ಇವುಗಳನ್ನು ನೋವಾಗದ ಮಿತಿಯೊಳಗೆ ಮೃದುವಾಗಿ ಪೂರ್ತಿ ಆಡಿಸಬೇಕು. ಹೀಗೆ ಆಡಿಸುವಾಗ ರೋಗಿಯು ಆ ಅಂಗವನ್ನು ನೋಡುತ್ತಾ ತಾನೂ ಪ್ರಯತ್ನಿಸಬೇಕು.

ಎರಡನೆಯ ಹಂತ ಕೂರುವುದು. ಮಂಚದ ಅಂಚಿನಲ್ಲಿ ಪಾದಗಳೆರಡೂ ನೆಲಕ್ಕೆ ತಾಗುವಂತೆ ಕುಳಿತು, ಮುಂದಿರುವ ವಸ್ತುವನ್ನು ಎಟುಕಿಸಿಕೊಳ್ಳುವುದು, ಎಡಬಲಕ್ಕೆ ಭಾರ ಬದಲಿಸುವುದು, ಬೆನ್ನಿಗೆ ಆಸರೆಯಿಲ್ಲದೆ ಕೂರುವುದನ್ನು ಅಭ್ಯಾಸ ಮಾಡಬೇಕು. ಊಟವನ್ನು ಹಾಸಿಗೆಯಲ್ಲಿ ಒರಗಿ ಮಾಡುವ ಬದಲು ಹೀಗೆ ಕುಳಿತೇ ಮಾಡಿದರೆ ದಿನಕ್ಕೆ ಮೂರು ಬಾರಿ ಅಂಗಸಾಧನೆಯೂ ಆದಂತಾಗುತ್ತದೆ.

ಮೂರನೆಯ ಹಂತ ಎದ್ದು ನಿಲ್ಲುವುದು. ಕೈಯಿರುವ ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು ರೋಗಿಯನ್ನು ಅದರಲ್ಲಿ ಕೂರಿಸಬೇಕು. ಪಾದಗಳನ್ನು ಹಿಂದಕ್ಕೆ ಸರಿಸಿ, ಮುಂದಕ್ಕೆ ಬಾಗಿ, ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಹಾಕಿ ಎದ್ದು ನಿಂತು, ಮತ್ತೆ ನಿಧಾನವಾಗಿ ಕೂರಬೇಕು. ಮನೆಯಲ್ಲಿ ಮಾಡಬಹುದಾದ ಅಂಗಸಾಧನೆಗಳಲ್ಲಿ ಅತ್ಯಂತ ಉಪಯುಕ್ತವಾದುದು ಇದು. ಏಕೆಂದರೆ ಶೌಚಾಲಯದಿಂದ ಬಸ್ಸಿನ ಆಸನದವರೆಗೆ ದಿನನಿತ್ಯದ ಪ್ರತಿಯೊಂದು ಕೆಲಸವೂ ಇದನ್ನೇ ಅವಲಂಬಿಸಿದೆ. ಐದರಿಂದ ಆರಂಭಿಸಿ, ಶಕ್ತಿ ಬಂದಂತೆ ಹೆಚ್ಚಿಸಬೇಕು.

ನಾಲ್ಕನೆಯ ಹಂತ ನಡಿಗೆ. ನೆರವಾಗುವವರು ರೋಗಿಯ ಬಲಗುಂದಿದ ಬದಿಯಲ್ಲಿ, ತುಸು ಹಿಂದೆ ನಿಲ್ಲಬೇಕು. ಊರುಗೋಲು ಬಲವಿರುವ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಬಲವಿರುವ ಕಾಲು ಮೊದಲು, ಇಳಿಯುವಾಗ ಬಲಗುಂದಿದ ಕಾಲು ಮೊದಲು. ನೆಲ ಒದ್ದೆಯಾಗಿರಬಾರದು, ದಾರಿಯಲ್ಲಿ ಚಾಪೆ, ಗೋಣಿಚೀಲ, ತಂತಿಗಳಿರಬಾರದು. ಪಾದವು ನೆಲಕ್ಕೆ ತಗುಲಿ ಎಡವುತ್ತಿದ್ದರೆ ಅದನ್ನು ಎತ್ತಿ ಹಿಡಿಯುವ ಪಟ್ಟಿಯ ಬಗ್ಗೆ ಫಿಸಿಯೋಥೆರಪಿಸ್ಟ್‌ರನ್ನು ಕೇಳಬೇಕು.

ಕೈಗೆ ಕೆಲಸ ಕೊಡುವುದು

ಕಾಲಿಗಿಂತ ಕೈ ನಿಧಾನವಾಗಿ ಚೇತರಿಸಿಕೊಳ್ಳುವುದು ಸಾಮಾನ್ಯ. ಬಲವಿರುವ ಕೈಯಿಂದಲೇ ಎಲ್ಲ ಕೆಲಸಗಳೂ ನಡೆಯುವುದರಿಂದ ಬಲಗುಂದಿದ ಕೈಯನ್ನು ರೋಗಿಯೇ ಮರೆತುಬಿಡುತ್ತಾನೆ. ರಬ್ಬರ್ ಚೆಂಡನ್ನು ದಿನವಿಡೀ ಹಿಸುಕಿಸುವುದೇ ಚಿಕಿತ್ಸೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಬೆರಳುಗಳು ಆಗಲೇ ಮುಷ್ಟಿಯಾಗಿ ಬಿಗಿದುಕೊಂಡಿರುವವರಿಗೆ ಬೇಕಾದುದು ಕೈ ಬಿಚ್ಚುವ ಅಭ್ಯಾಸ. ಹಿಡಿದ ಲೋಟವನ್ನು ಬಿಡುವುದು, ಮೇಜಿನ ಮೇಲೆ ಅಂಗೈ ಊರಿ ಬಟ್ಟೆ ಒರೆಸಿದಂತೆ ಮುಂದಕ್ಕೆ ಹಿಂದಕ್ಕೆ ಸರಿಸುವುದು ಇಂತಹ ಅಭ್ಯಾಸಗಳು.

ಇದಕ್ಕೆ ದುಬಾರಿ ಉಪಕರಣಗಳು ಬೇಕಾಗಿಲ್ಲ. ಅವರೆಕಾಯಿ ಸುಲಿಯುವುದು, ಕಡಲೆಕಾಯಿ ಬಿಡಿಸುವುದು, ಮೊರದಲ್ಲಿ ಹರಡಿದ ಹುರುಳಿಯಿಂದ ಕಲ್ಲು ಆರಿಸುವುದು, ಟವೆಲ್ ಮಡಿಸುವುದು, ಖಾಲಿ ಚೊಂಬನ್ನು ಎತ್ತಿ ಪಕ್ಕಕ್ಕಿಡುವುದು ಇವೆಲ್ಲವೂ ಅಂಗಸಾಧನೆಗಳೇ. ತನಗೆ ಪರಿಚಿತವಾದ ಮತ್ತು ಮನೆಗೆ ಉಪಯೋಗವಾಗುವ ಕೆಲಸ ಮಾಡುವಾಗ ರೋಗಿಗೆ ಬೇಸರ ಬರುವುದಿಲ್ಲ. ತಾನು ಹೊರೆಯಲ್ಲವೆಂಬ ಭಾವನೆಯೂ ಮೂಡುತ್ತದೆ. ಬಲಗುಂದಿದ ಬದಿಯಲ್ಲಿ ಸ್ಪರ್ಶಜ್ಞಾನ ಕುಂದಿರಬಹುದಾದುದರಿಂದ ಒಲೆ, ಬಿಸಿನೀರು, ಕುಡುಗೋಲುಗಳಿಂದ ದೂರವಿರಿಸಬೇಕು. ಬಿಸಿನೀರಿನ ಚೀಲದ ಶಾಖ ಕೊಟ್ಟು, ರೋಗಿಗೆ ಅರಿವಾಗದೆಯೇ ಚರ್ಮ ಸುಡುವ ಅಪಾಯವಿದೆ.

ಒಂದೇ ಬಾರಿಗೆ ಗಂಟೆಗಟ್ಟಲೆ ಮಾಡಿಸಿ ದಣಿಸುವುದಕ್ಕಿಂತ, 10–15 ನಿಮಿಷಗಳ ಅವಧಿಗಳನ್ನು ದಿನದಲ್ಲಿ ಹಲವು ಬಾರಿ ಹಂಚಿಕೊಳ್ಳುವುದು ಮನೆಯಲ್ಲಿ ಸುಲಭ. ಬ್ರಿಟನ್ನಿನ ‘ನೈಸ್’ ಸಂಸ್ಥೆಯ 2023ರ ಮಾರ್ಗಸೂಚಿಯು, ಅಂಗಸಾಧನೆ, ಕೈಕೆಲಸ, ಮಾತಿನ ತರಬೇತಿ ಎಲ್ಲವೂ ಸೇರಿ, ತಾಳಿಕೊಳ್ಳಬಲ್ಲವರಿಗೆ ವಾರಕ್ಕೆ ಕನಿಷ್ಠ 5 ದಿನ, ದಿನಕ್ಕೆ ಕನಿಷ್ಠ 3 ಗಂಟೆಗಳ ಪುನಶ್ಚೇತನವನ್ನು ಸೂಚಿಸುತ್ತದೆ. ಬೆಳಿಗ್ಗೆ ಒಮ್ಮೆ ಹತ್ತು ನಿಮಿಷ ಕೈಕಾಲು ಆಡಿಸಿ ಮುಗಿಸುವುದು ಎಷ್ಟು ಅಲ್ಪವೆಂಬುದು ಇದರಿಂದ ತಿಳಿಯುತ್ತದೆ.

ನುಂಗುವಿಕೆ, ಮಾತು, ಮನಸ್ಸು

ಕೆಲವರಲ್ಲಿ ನುಂಗುವ ಶಕ್ತಿಯೂ ಕುಂದಿರುತ್ತದೆ. ನೀರು ಕುಡಿದೊಡನೆ ಕೆಮ್ಮು ಬರುವುದು, ಧ್ವನಿ ಗೊರಗೊರ ಎನ್ನುವುದು, ಅನ್ನ ದವಡೆಯಲ್ಲಿ ಉಳಿಯುವುದು ಇದರ ಲಕ್ಷಣಗಳು. ಇಂತಹವರಿಗೆ ಮಲಗಿಸಿ ಉಣಿಸಿದರೆ ಆಹಾರವು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಲಕ್ಷಣ ಕಂಡರೆ ವೈದ್ಯರ ಸಲಹೆ ಪಡೆಯುವವರೆಗೆ ಬಲವಂತವಾಗಿ ಉಣಿಸಬಾರದು.

ಮಾತು ಬಾರದವರಿಗೆ ಬುದ್ಧಿಯೂ ಹೋಗಿದೆಯೆಂದು ಭಾವಿಸುವುದು ದೊಡ್ಡ ತಪ್ಪು. ಎದುರಿಗೆ ಕುಳಿತು, ಚಿಕ್ಕ ವಾಕ್ಯಗಳಲ್ಲಿ ಕೇಳಿ, ಉತ್ತರಕ್ಕಾಗಿ ಕಾಯಬೇಕು. ಮಾತು ನಿಂತವರಲ್ಲಿ ಕೆಲವರು ಎಣಿಕೆ, ವಾರದ ಹೆಸರು, ರೂಢಿಯಾದ ಭಜನೆ ಅಥವಾ ಸೋಬಾನೆ ಪದಗಳನ್ನು ಹೇಳಬಲ್ಲರು; ಅಲ್ಲಿಂದಲೇ ಅಭ್ಯಾಸ ಆರಂಭಿಸಬಹುದು. ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಉಂಟಾಗುತ್ತದೆ. ಅಂಗಸಾಧನೆಗೆ ಒಪ್ಪದೆ ಗೋಡೆಯತ್ತ ತಿರುಗಿ ಮಲಗುವವರನ್ನು ‘ಸೋಮಾರಿ’, ‘ಹಟಮಾರಿ’ ಎಂದು ಗದರಿಸುವ ಮೊದಲು ಇದನ್ನು ನೆನೆಯಬೇಕು. ಖಿನ್ನತೆಗೆ ಚಿಕಿತ್ಸೆಯಿದೆ.

ಕುಟುಂಬವೊಂದರ ಮೇಲೆಯೇ ಹೊರಿಸಬಾರದೇಕೆ

ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ಅಟೆಂಡ್’ ಅಧ್ಯಯನವು ಇಲ್ಲಿ ಗಮನಾರ್ಹ. ಅದರಲ್ಲಿ ಅರ್ಧದಷ್ಟು ರೋಗಿಗಳ ಕುಟುಂಬದವರಿಗೆ ಮನೆಯಲ್ಲಿ ಪುನಶ್ಚೇತನ ನಡೆಸುವ ತರಬೇತಿ ನೀಡಲಾಯಿತು. ಆರು ತಿಂಗಳ ನಂತರ ನೋಡಿದಾಗ, ತರಬೇತಿ ಪಡೆದ ಕುಟುಂಬಗಳ ರೋಗಿಗಳಿಗೂ ವಾಡಿಕೆಯ ಆರೈಕೆ ಪಡೆದವರಿಗೂ ಮರಣ ಅಥವಾ ಪರಾವಲಂಬನೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯ ಅಂಗಸಾಧನೆ ವ್ಯರ್ಥವೆಂಬುದು ಇದರ ಅರ್ಥವಲ್ಲ. ಆದರೆ ಮನೆಯವರಿಗೆ ಒಮ್ಮೆ ಕಲಿಸಿ ಕಳುಹಿಸಿದರೆ ಹೊಣೆ ಮುಗಿಯಿತೆಂದು ಭಾವಿಸಲು ಆಧಾರವಿಲ್ಲವೆಂಬುದು ಸ್ಪಷ್ಟ. ಆರೈಕೆ ಮಾಡುವ ಹೆಂಡತಿ, ಸೊಸೆ ಅಥವಾ ಮಗಳು ಹಗಲು ಕೂಲಿಗೂ ಹೋಗಿ, ಅಡುಗೆಯನ್ನೂ ಮಾಡಿ, ರಾತ್ರಿ ಮಗ್ಗುಲು ಬದಲಿಸಲು ಏಳುತ್ತಿರುತ್ತಾಳೆ. ನುರಿತವರ ಮಾರ್ಗದರ್ಶನ, ಸಲಕರಣೆ ಮತ್ತು ಊರಿನ ಆಸರೆ ಆಕೆಗೂ ಬೇಕು. ಪಂಚಾಯತಿಯ ಪಾತ್ರವಿರುವುದು ಇಲ್ಲಿಯೇ.

ಗ್ರಾಮ ಪಂಚಾಯತಿಯು ಮಾಡಬಹುದಾದ ಕಾರ್ಯಗಳು

1. ಗುರುತಿಸುವುದು: ಪ್ರತಿ ವಾರ್ಡಿನಲ್ಲಿ ಪಾರ್ಶ್ವವಾಯುವಿನಿಂದ ಮನೆಯಲ್ಲೇ ಇರುವವರ ಪಟ್ಟಿಯನ್ನು ಆಶಾ ಕಾರ್ಯಕರ್ತೆ ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಸಿದ್ಧಪಡಿಸಬಹುದು. ಹೊಸದಾಗಿ ಆಸ್ಪತ್ರೆಯಿಂದ ಬಂದವರನ್ನು ಮೊದಲ ವಾರದಲ್ಲೇ ಸೇರಿಸುವುದು ಮುಖ್ಯ.

2. ಸಂಪರ್ಕ ಕಲ್ಪಿಸುವುದು: ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗಳು ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುತ್ತಾರೆ. ಫಿಸಿಯೋಥೆರಪಿಗಾಗಿ ಜಿಲ್ಲಾ ಆಸ್ಪತ್ರೆಯನ್ನು, ಸಲಕರಣೆಗಳಿಗಾಗಿ ಜಿಲ್ಲಾ ವಿಕಲಚೇತನರ ಪುನರ್ವಸತಿ ಕೇಂದ್ರವನ್ನು ಹಾಗೂ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದು.

3. ಸಲಕರಣೆ ಒದಗಿಸುವುದು: ವಿಕಲಚೇತನರ ಕಲ್ಯಾಣಕ್ಕೆಂದು ಮೀಸಲಿಡಬೇಕಾದ ಶೇ. 5ರ ನಿಧಿಯಿಂದ ವಾಕರ್, ಊರುಗೋಲು, ಕಮೋಡ್ ಕುರ್ಚಿ, ಗಾಲಿಕುರ್ಚಿಗಳನ್ನು ನಿಯಮಾನುಸಾರ ಒದಗಿಸಲು ಪರಿಶೀಲಿಸಬಹುದು. ಶೌಚಾಲಯದ ಗೋಡೆಗೆ ಹಿಡಿಕೆ, ಹೊಸ್ತಿಲಿಗೆ ಇಳಿಜಾರು ಹಾದಿ ಅಲ್ಪ ವೆಚ್ಚದ ಕೆಲಸಗಳು. ಆದರೆ ಬಿದ್ದು ಸೊಂಟ ಮುರಿಯುವುದನ್ನು ತಪ್ಪಿಸುತ್ತವೆ.

4. ಗುರುತಿನ ಚೀಟಿ ಮತ್ತು ವೇತನ: ಆರಂಭಿಕ ಚೇತರಿಕೆಯ ಅವಧಿ ಕಳೆದ ಮೇಲೂ ಶಾಶ್ವತ ನ್ಯೂನತೆ ಉಳಿದವರಿಗೆ, ವೈದ್ಯಕೀಯ ಪರೀಕ್ಷೆಯ ನಂತರ ಯುಡಿಐಡಿ ಗುರುತಿನ ಚೀಟಿ ದೊರೆಯುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವವರು ಇತರ ಷರತ್ತುಗಳಿಗೊಳಪಟ್ಟು ಮಾಸಾಶನಕ್ಕೆ ಅರ್ಜಿ ಸಲ್ಲಿಸಬಹುದು. ಅರ್ಜಿ ತುಂಬುವುದಕ್ಕೂ, ಪರೀಕ್ಷೆಗೆ ಕರೆದೊಯ್ಯುವುದಕ್ಕೂ ಸದಸ್ಯರ ಸಹಕಾರ ಬೇಕಾಗುತ್ತದೆ.

5. ವಿಷಯವನ್ನು ಸಭೆಗೆ ತರುವುದು: ಸಾಮಾಜಿಕ ನ್ಯಾಯ ಸಮಿತಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಹಾಗೂ ವಿಕಲಚೇತನರ ವಿಶೇಷ ಗ್ರಾಮ ಸಭೆಗಳಲ್ಲಿ ಈ ಪಟ್ಟಿಯನ್ನು ಮಂಡಿಸಿ, ಹಿಂದಿನ ಸಭೆಯಿಂದ ಈವರೆಗೆ ಯಾರಿಗೆ ಏನು ತಲುಪಿದೆಯೆಂದು ಪರಿಶೀಲಿಸಬಹುದು.

ಮತ್ತೊಮ್ಮೆ ಆಗದಂತೆ

ಒಮ್ಮೆ ಪಾರ್ಶ್ವವಾಯುವಾದವರಿಗೆ ಅದು ಮರುಕಳಿಸುವ ಸಾಧ್ಯತೆ ಇತರರಿಗಿಂತ ಹೆಚ್ಚು. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಪಾಯವೆಂದರೆ, ಕೈಕಾಲು ಸ್ವಲ್ಪ ಆಡತೊಡಗಿದೊಡನೆ ‘ವಾಸಿಯಾಯಿತು’ ಎಂದು ರಕ್ತದೊತ್ತಡದ ಮಾತ್ರೆಗಳನ್ನು ಬಿಡುವುದು, ಅಥವಾ ಲಕ್ವಕ್ಕೆ ಔಷಧ ಕೊಡುವ ಕಡೆಗೆ ಹೋಗಿ, ಅಲ್ಲಿನ ಪಥ್ಯದ ಹೆಸರಿನಲ್ಲಿ ಎಲ್ಲ ಮಾತ್ರೆಗಳನ್ನೂ ನಿಲ್ಲಿಸುವುದು. ಎಣ್ಣೆ ಹಚ್ಚಿ ಮೃದುವಾಗಿ ನೀವುವುದರಿಂದ ರೋಗಿಗೆ ಹಿತವೆನಿಸಬಹುದು. ಆದರೆ ಅದು ಅಂಗಸಾಧನೆಗೂ ಮಾತ್ರೆಗೂ ಬದಲಿಯಾಗದು. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ತಂಬಾಕು, ಬೀಡಿ, ಮದ್ಯ ಬಿಡುವುದು, ಉಪ್ಪು ಕಡಿಮೆ ಮಾಡುವುದು ಇಡೀ ಮನೆಗೆ ಅನ್ವಯಿಸಬೇಕು.

ಬಾಯಿ ಒಂದು ಬದಿಗೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಈ ಮೂರರಲ್ಲಿ ಯಾವುದೇ ಒಂದು ದಿಢೀರನೆ ಕಂಡರೂ ‘ಬೆಳಗಾಗಲಿ’ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗುತ್ತದೆ. ಲಕ್ಷಣ ಆರಂಭವಾದ ಹೊತ್ತನ್ನು ನೆನಪಿಟ್ಟು ವೈದ್ಯರಿಗೆ ತಿಳಿಸಬೇಕು.

ಸದಸ್ಯರು ತಮ್ಮ ವಾರ್ಡಿನಲ್ಲಿ ಇಂತಹ ಮನೆಗೆ ಭೇಟಿ ನೀಡಿದಾಗ ‘ಹೇಗಿದ್ದೀರಿ’ ಎಂಬ ಪ್ರಶ್ನೆಯ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳುವುದು ಸೂಕ್ತ: ಇಂದು ಎಷ್ಟು ಬಾರಿ ಎದ್ದು ನಿಂತರು, ಮಾತ್ರೆ ಮನೆಯಲ್ಲಿದೆಯೇ. ಎದ್ದು ನಿಲ್ಲಲು ಹಿಡಿಕೆಯಿಲ್ಲವೆಂದೋ, ಮಾತ್ರೆ ಮುಗಿದು ವಾರವಾಯಿತೆಂದೋ ಉತ್ತರ ಬಂದರೆ, ಮಾಡಬೇಕಾದ ಕೆಲಸವೇನೆಂಬುದು ಅಲ್ಲಿಯೇ ತಿಳಿಯುತ್ತದೆ.